ಸಪ್ಪೀರಾಳ ಪಾಲಿನ ನೀರು

ನಾನು ಒಂದು ತೂತು ಮಡಕೆ. ಇದನ್ನು ನಾಚಿಕೆಯಿಂದ ಹೇಳುತ್ತಿಲ್ಲ, ಹೆಮ್ಮೆಯಿಂದಲೇ ಹೇಳುತ್ತಿದ್ದೇನೆ. ಬೇರೆ ಮಡಕೆಗಳಿಗೆ ತೂತು ಬಿದ್ದರೆ ಬಾಳು ಮುಗಿಯಿತು. ನನ್ನ ಬಾಳು ಶುರುವಾದದ್ದೇ ತೂತು ಬಿದ್ದ ಮೇಲೆ.

ನಾನು ಹುಟ್ಟಿದ್ದು ಯೆರೂಸಲೇಮ್ ಪಟ್ಟಣದ ಕೆಳಕೇರಿಯಲ್ಲಿ, ಜಬ್ದಾಯ ಎಂಬ ಯೆಹೂದಿ ಕುಂಬಾರನ ತಿಗರಿಯ ಮೇಲೆ. ಹೊಟ್ಟೆ ದೊಡ್ಡದು ಬಿಟ್ಟ, ಕೊರಳು ಅಗಲ ಮಾಡಿದ, ತಟ್ಟಿ ತಟ್ಟಿ ನುಣುಪು ಮಾಡಿದ. ಆಮೇಲೆ ನಾನಿನ್ನೂ ಹಸಿಯಿರುವಾಗಲೇ ತಳದ ಹತ್ತಿರ ಒಂದು ಕಡ್ಡಿ ಚುಚ್ಚಿ ಒಳಗಿನಿಂದ ಹೊರಕ್ಕೆ ಎಳೆದ. ಅವನ ಹೆಂಡತಿ ಮಣ್ಣು ತುಳಿಯುತ್ತಿದ್ದವಳು ಅಲ್ಲೇ ನಿಂತಳು.

"ಬಿಸಿಲು ಹತ್ತಿದೆಯೇನು ನಿನಗೆ? ಒಳ್ಳೇ ಮಡಕೆ ಕೆಡಿಸಿದೆಯಲ್ಲ."

"ಗ್ರೀಕರು ಹೀಗೇ ಬೇಕು ಅಂದವ್ರೆ."

"ತೂತಿರೋ ಮಡಕೆಗೆ ದುಡ್ಡು ಕೊಡ್ತಾರಾ?"

"ತೂತಿಗೇ ಕಣೆ ದುಡ್ಡು. ಮಡಕೆ ಪುಕ್ಕಟೆ."

ಅವಳು ನಕ್ಕ ನಗುವಿಗೆ ಆವಿಗೆಯ ಬೂದಿ ಹಾರಿತು. ನಾನು ಲೋಕದಲ್ಲಿ ಮೊದಲು ಕೇಳಿದ ನಗು ಅದು. ನಗು ಕೇಳಿ ಹುಟ್ಟಿದವರಿಗೆ ಆಮೇಲೆ ಎಂಥ ಕಷ್ಟ ಬಂದರೂ ಅಷ್ಟು ನಾಟುವುದಿಲ್ಲ ಅಂತ ನನ್ನ ನಂಬಿಕೆ.

ನಿಮ್ಮ ಕಡೆ ಮದುವೆ ಮುಹೂರ್ತಕ್ಕೆ ನೀರಿನಲ್ಲಿ ಗಳಿಗೆ ಬಟ್ಟಲು ತೇಲಿಬಿಡುತ್ತಿದ್ದರಲ್ಲ, ತಳದ ತೂತಿನಿಂದ ನೀರು ಒಳಬಂದು ಅದು ಮುಳುಗಿದರೆ ಒಂದು ಗಳಿಗೆ ಆಯಿತು ಎನ್ನುತ್ತಿದ್ದರಲ್ಲ, ಆ ಬಟ್ಟಲಿಗೆ ನಾನು ದೂರದ ಅಕ್ಕ. ಅವಳು ನೀರು ಕುಡಿದು ಹೊತ್ತು ಹೇಳುತ್ತಾಳೆ, ನಾನು ನೀರು ಬಿಟ್ಟು ಹೇಳುತ್ತೇನೆ. ನನ್ನ ತುಂಬ ನೀರು ತುಂಬಿ ತೂತು ತೆರೆದರೆ ಮಾತಾಡುವವನು ಮಾತು ಶುರು ಮಾಡಬೇಕು. ನೀರು ನಿಂತಾಗ ಮಾತೂ ನಿಲ್ಲಬೇಕು. ಬಡವನಿಗೂ ಒಂದು ಮಡಕೆ, ಬಲ್ಲಿದನಿಗೂ ಒಂದು ಮಡಕೆ. ಗ್ರೀಕರು ನನಗೆ ಇಟ್ಟ ಹೆಸರು ಕ್ಲೆಪ್ಸುದ್ರಾ. ಬಿಡಿಸಿ ಹೇಳಿದರೆ ನೀರುಗಳ್ಳಿ. ಈ ಹೆಸರು ಮುಂದೆ ನನ್ನ ಜೀವಕ್ಕೇ ಬಂತು, ಅದನ್ನು ಆಮೇಲೆ ಹೇಳುತ್ತೇನೆ.

ಗ್ರೀಕರಿಗೆ ಯೆರೂಸಲೇಮಿನಲ್ಲಿ ಏನು ಕೆಲಸ ಅಂತ ನೀವು ಕೇಳಬಹುದು. ನಿಮ್ಮ ಪುಸ್ತಕಗಳಲ್ಲಿ ಆ ಕಾಲದ ಕತೆ ಬೇರೆ ಥರ ಇದೆ. ಗ್ರೀಕ್ ದೊರೆಯೊಬ್ಬ ಯೆಹೂದಿಗಳ ಹಬ್ಬ, ವಾರದ ವಿಶ್ರಾಂತಿ ದಿನ ಎಲ್ಲವನ್ನೂ ನಿಷೇಧಿಸಿದ. ಜನ ಬೆಟ್ಟ ಹತ್ತಿ ಬಂಡೆದ್ದರು, ಗ್ರೀಕರನ್ನು ಓಡಿಸಿ ತಮ್ಮದೇ ರಾಜ್ಯ ಕಟ್ಟಿಕೊಂಡರು. ನಾನು ಹೇಳುತ್ತಿರುವುದು ಹಾಗಾಗದೇ ಹೋದ ಕತೆ. ನನ್ನ ಕತೆಯಲ್ಲಿ ಆ ಆಜ್ಞೆ ಹೊರಡಿಸಿದ ವರ್ಷವೇ ದೊರೆ ಸತ್ತ. ಅವನ ಜಾಗಕ್ಕೆ ಬಂದವನಿಗೆ ಬೇಕಾದದ್ದು ತೆರಿಗೆ, ದೇವರ ಗೊಡವೆಯಲ್ಲ. ಬೆಟ್ಟ ಹತ್ತಿದವರು ಬೈದುಕೊಳ್ಳುತ್ತಾ ಇಳಿದು ಬಂದರು. ಗ್ರೀಕರು ಉಳಿದರು. ಯೆಹೂದಿಗಳ ದೇವರೂ ಎಲ್ಲಿಗೂ ಹೋಗಲಿಲ್ಲ. ಒಂದೇ ಬೀದಿಯ ಒಂದು ತುದಿಗೆ ಗ್ರೀಕರ ಗರಡಿ, ಇನ್ನೊಂದು ತುದಿಗೆ ಯೆಹೂದಿಗಳ ಸಭಾಮಂದಿರ. ತಲೆಮಾರುಗಳು ಹಾಗೇ ಕಳೆದವು. ಧರ್ಮಶಾಸ್ತ್ರದ ಸುರುಳಿಯನ್ನು ಮೊದಲು ಹೀಬ್ರೂವಿನಲ್ಲಿ ಓದಿ ಆಮೇಲೆ ಎಲ್ಲರಿಗೂ ತಿಳಿಯುವ ಗ್ರೀಕ್ ಮಾತಿನಲ್ಲಿ ಹೇಳುವುದು ವಾಡಿಕೆಯಾಯಿತು. ಯೆಹೂದಿ ಹುಡುಗರು ಬೆಳಿಗ್ಗೆ ಗರಡಿಯಲ್ಲಿ ಓಡಿ, ಮೈಗೆ ಎಣ್ಣೆ ಬಳಿದುಕೊಂಡು, ಸಂಜೆ ಸಭಾಮಂದಿರದಲ್ಲಿ ಕೂತು ಸುರುಳಿ ಓದುತ್ತಿದ್ದರು.

ನನ್ನ ಮೊದಲ ಮನೆ ಆ ಗರಡಿ. ಅದರ ಪಡಸಾಲೆಯಲ್ಲೇ ನ್ಯಾಯ ಪಂಚಾಯಿತಿ ನಡೆಯುತ್ತಿತ್ತು. ಕಾನೂನಿನ ಸಾಲನ್ನು ಓದುವಾಗ ನನ್ನ ತೂತಿಗೆ ಬೆರಳಿಟ್ಟು ನೀರು ನಿಲ್ಲಿಸುತ್ತಿದ್ದರು, ಕಾನೂನಿನ ಮಾತು ಯಾರ ಲೆಕ್ಕಕ್ಕೂ ಸೇರಬಾರದು ಅಂತ. ಎಷ್ಟು ಚೆಂದದ ನ್ಯಾಯ ಅಂತ ನಾನು ಉಬ್ಬಿಹೋಗಿದ್ದೆ. ಆಮೇಲೆ ಆ ಬೆರಳಿನ ಕಡೆ ನೋಡಿದೆ. ಅದು ಒಬ್ಬ ಗುಲಾಮನದು. ಬೆಳಗಿನಿಂದ ಸಂಜೆಯ ತನಕ ಎಲ್ಲರ ನೀರನ್ನೂ ಹಿಡಿದು ಬಿಡುತ್ತಿದ್ದವನಿಗೆ ಮಾತಾಡಲು ಒಂದು ಹನಿಯ ಹೊತ್ತೂ ಇರಲಿಲ್ಲ. ಸಮಾನತೆ ಎಂದರೆ ಮೊದಲೇ ಸಮಾನರಾಗಿರುವವರು ತಮ್ಮೊಳಗೆ ಹಂಚಿಕೊಳ್ಳುವ ತಿಂಡಿ ಅಂತ ಗ್ರೀಕರು ತಿಳಿದಿದ್ದರು. ತಳದಲ್ಲಿ ಕಣ್ಣಿರುವ ನನ್ನಂಥವಳಿಗೆ ಇಂಥವು ಬೇಗ ಕಾಣುತ್ತವೆ.

ಗರಡಿಗೆ ಬರುತ್ತಿದ್ದ ಯೆಹೂದಿ ಹುಡುಗರಲ್ಲಿ ಹನನ್ಯ ಎಂಬವನೊಬ್ಬನಿದ್ದ. ಓಡಿ ಓಡಿ ಬಾಯಾರಿ ಬಂದು ನನ್ನ ತೂತಿಗೆ ಬಾಯಿಟ್ಟು ಕುಡಿಯುತ್ತಿದ್ದ. ಒಮ್ಮೆ ಅವನು ಎದ್ದ ರಭಸಕ್ಕೆ ತಲೆ ತಾಗಿ ನನ್ನ ಅಂಚಿನ ಒಂದು ಚೂರು ಹಾರಿಹೋಯಿತು. ಗುಲಾಮ ಬೈಯಲಿಲ್ಲ. ಹುಡುಗನ ಹಣೆಯ ರಕ್ತ ಒರೆಸಿದ.

ಯೆರೂಸಲೇಮಿನ ನೀರು ಗಡಸು. ವರ್ಷಗಳು ಹೋದ ಹಾಗೆ ನನ್ನ ತೂತಿನಲ್ಲಿ ಸುಣ್ಣ ಕಟ್ಟಿ, ನೀರು ಹನಿಹನಿಯಾಗಿ ಬೀಳತೊಡಗಿತು. ವಾದಗಳು ಮುಗಿಯದೆ ಪಂಚಾಯಿತಿಯವರು ಆಕಳಿಸಿದರು. ಕೊನೆಗೆ ಒಂದು ಕಂಚಿನ ಪಾತ್ರೆ ತಂದು ನನ್ನನ್ನು ಊರಿನ ಕಸ ಹೊರಹೋಗುವ ತಿಪ್ಪೆಬಾಗಿಲ ಆಚೆ ಎಸೆದರು.

ಅಲ್ಲಿಂದ ನನ್ನನ್ನು ಎತ್ತಿಕೊಂಡವಳು ಸಪ್ಪೀರಾ.

ಸಪ್ಪೀರಾ ಚರ್ಮ ಹದ ಮಾಡುವವಳು. ಗಂಡ ಸತ್ತ ಮೇಲೆ ಕಣಿವೆಯ ಹದಗುಂಡಿಗಳನ್ನು ತಾನೇ ನಡೆಸುತ್ತಿದ್ದಳು. ಅಗಲ ಭುಜ, ದೊಡ್ಡ ಗಂಟಲು. ಹಾಡು ಬರದಿದ್ದರೂ ಹಾಡುತ್ತಿದ್ದಳು. ನನ್ನನ್ನು ತೊಡೆಯ ಮೇಲೆ ಮಲಗಿಸಿಕೊಂಡು ತೂತಿನೊಳಗೆ ದಬ್ಬಳ ತೂರಿಸಿ ಸುಣ್ಣ ಕೆರೆದಳು.

"ಮೂಗು ಕಟ್ಟಿತ್ತು ನಿನಗೆ. ಹೂಂ, ಈಗ ಉಸಿರಾಡು."

ಚರ್ಮಗಳ ಮೇಲೆ ದಾಳಿಂಬೆ ಸಿಪ್ಪೆಯ ನೀರನ್ನು ಒಂದೇ ಸಮ ಹನಿಸುವ ಕೆಲಸ ನನಗೆ ಕೊಟ್ಟಳು. ವಾಸನೆ? ಸುಣ್ಣ, ಕೊಳೆತ ಕೊಬ್ಬು, ಚರ್ಮ ಮೆತ್ತಗಾಗಲೆಂದು ಹಾಕುವ ನಾಯಿಯ ಮಲ. ಮೊದಲ ದಿನ ಸತ್ತೆ ಅಂದುಕೊಂಡೆ. ಮೂರನೆಯ ದಿನ ನೆನಪೂ ಆಗಲಿಲ್ಲ. ಇದು ನಾನು ಕಲಿತ ಬಹಳ ದೊಡ್ಡ ಪಾಠ, ಮುಂದೆ ಒಂದು ಊರಿಗೇ ಕಲಿಸಿದ್ದೇನೆ.

ಆ ಚರ್ಮಗಳು ಹೋಗುತ್ತಿದ್ದುದು ಎಲ್ಲಿಗೆ ಗೊತ್ತೇ? ಸಭಾಮಂದಿರಕ್ಕೆ. ಧರ್ಮಶಾಸ್ತ್ರ ಬರೆಯುವ ಸುರುಳಿಗೆ ಸಪ್ಪೀರಾಳ ಚರ್ಮಕ್ಕಿಂತ ನುಣುಪಾದದ್ದು ಇರಲಿಲ್ಲ. ಚರ್ಮ ಒಳಗೆ ಹೋಗಿ ರೇಷ್ಮೆ ಹೊದ್ದು ಕೂರುತ್ತಿತ್ತು. ಜನ ಅದಕ್ಕೆ ಮುತ್ತಿಡುತ್ತಿದ್ದರು. ಹದ ಮಾಡಿದವಳು ಮಾತ್ರ ಹೊರಗೆ. ಹೆಂಗಸು ಎಂದಲ್ಲ, ಹೆಂಗಸರಿಗೆ ಒಳಗೆ ಒಂದು ಬದಿ ಇತ್ತು. ಚರ್ಮಕೇರಿಯವರು ವಾಸನೆಯವರು ಎಂದು ಗಂಡು ಹೆಣ್ಣು ಎಲ್ಲರೂ ಪಡುವಣ ಗೋಡೆಯ ಕಿಟಕಿಯ ಕೆಳಗೆ ನಿಂತು ಕೇಳಬೇಕಿತ್ತು. ಗಾಳಿ ಬೀಸಿದರೆ ಅರ್ಧ ಮಾತು ಹಾರಿಹೋಗುತ್ತಿತ್ತು. ಹೀಗಾಗಿ ಚರ್ಮಕೇರಿಗೆ ಗೊತ್ತಿದ್ದ ಶಾಸ್ತ್ರವೆಲ್ಲ ಅರ್ಧರ್ಧ. ಉಳಿದರ್ಧವನ್ನು ಅವರೇ ತುಂಬಿಕೊಂಡಿದ್ದರು.

ಅದರಲ್ಲಿ ಒಂದು ಕತೆಯಿತ್ತು. ಕುಲದ ಆದಿಪಿತ, ಮುದುಕ, ತಡವಾಗಿ ಹುಟ್ಟಿದ ಮಗನನ್ನು ದೇವರು ಬಲಿ ಕೇಳಿದ ಅಂತ ಬೆಟ್ಟಕ್ಕೆ ಕರೆದುಕೊಂಡು ಹೋಗುತ್ತಾನೆ. ಹುಡುಗನ ತಲೆಯ ಮೇಲೇ ಕಟ್ಟಿಗೆ ಹೊರಿಸುತ್ತಾನೆ. ಕೈಕಾಲು ಕಟ್ಟಿ ಮಲಗಿಸುತ್ತಾನೆ. ಚೂರಿ ಎತ್ತುತ್ತಾನೆ. ಆ ಭಾಗವನ್ನು ಓದುವುದು ವರ್ಷಕ್ಕೊಮ್ಮೆ, ಪಡುವಣ ಗಾಳಿ ಏಳುವ ದಿನಗಳಲ್ಲಿ. ಚೂರಿ ಎತ್ತಿದ ಅನ್ನುವಷ್ಟರಲ್ಲಿ ಪ್ರತಿಸಲ ಗಾಳಿ ಬೀಸುತ್ತಿತ್ತು.

ಚರ್ಮಕೇರಿಯಲ್ಲಿ ಆ ಹುಡುಗ ಸತ್ತೇ ಹೋಗಿದ್ದ.

ಓದಿನ ಆ ದಿನ ಅಲ್ಲಿ ಯಾರೂ ಒಲೆ ಹಚ್ಚುತ್ತಿರಲಿಲ್ಲ. ಗುಂಡಿಗೆ ಇಳಿಯುತ್ತಿರಲಿಲ್ಲ. ಹೆಂಗಸರು ತಲೆಗೂದಲು ಬಿಚ್ಚಿಕೊಂಡು ಆ ಹುಡುಗನಿಗಾಗಿ ಅಳುತ್ತಿದ್ದರು. ಸಪ್ಪೀರಾಳ ಅಜ್ಜಿಯೂ ಅತ್ತಿದ್ದಳಂತೆ. ಒಳಗಿನವರು ಒಮ್ಮೆಯೂ ಯಾಕೆ ಅಂತ ಕೇಳಿರಲಿಲ್ಲ. ನನಗೂ ನಿಜ ಗೊತ್ತಿರಲಿಲ್ಲ, ಗರಡಿಯಲ್ಲಿ ಆ ಕತೆ ಯಾರು ಹೇಳುತ್ತಾರೆ.

ಚರ್ಮದ ರೋಮ ಹೆರೆಯುತ್ತಾ ಸಪ್ಪೀರಾ ನನ್ನ ಜೊತೆ ಮಾತಾಡುತ್ತಿದ್ದಳು.

"ಮಗನ್ನ ಕಡಿದವನನ್ನ ಹಾಡಿ ಹೊಗಳ್ತವ್ರಲ್ಲೇ. ಒಬ್ಬನಾದರೂ ಎದ್ದು, ಯಾಕಪ್ಪಾ ಕಡಿದೆ ಅಂತ ಕೇಳಿದನಾ? ನನಗೊಂದು ಸಲ ಅಲ್ಲಿ ಬಾಯಿ ಸಿಗಲಿ. ಆ ಹುಡುಗನ ಪರವಾಗಿ ನಾನು ಮಾತಾಡ್ತೀನಿ."

ಇದೊಂದೇ ಅವಳ ಆಸೆ. ಚಿನ್ನ ಕೇಳಲಿಲ್ಲ, ಮನೆ ಕೇಳಲಿಲ್ಲ. ಸತ್ತ ಮಗುವಿಗೆ ವಕಾಲತ್ತು ಮಾಡಲು ಒಂದು ಮಡಕೆ ನೀರಿನಷ್ಟು ಹೊತ್ತು.

ಹೊಸ ಸುರುಳಿಗೆ ಚರ್ಮ ಆರಿಸಲು ಒಂದು ಬೆಳಿಗ್ಗೆ ಸಭಾಮಂದಿರದ ಓದುಗ ಬಂದ. ಮುದುಕ, ಬಿಳಿ ಗಡ್ಡ, ಮೂಗಿಗೆ ಹೊದ್ದ ಬಟ್ಟೆಯ ಸೆರಗು. ಚರ್ಮದ ಮೇಲೆ ಕೈಯಾಡಿಸುತ್ತಾ ಬಂದವನು ನನ್ನ ಮುಂದೆ ನಿಂತು ನನ್ನ ಅಂಚಿನ ಮುರುಕನ್ನು ಮುಟ್ಟಿದ. ಆಮೇಲೆ ತನ್ನ ಹಣೆಯನ್ನು ಮುಟ್ಟಿಕೊಂಡ.

"ಇದು ನನ್ನ ತಲೆ ಒಡೆದ ಮಡಕೆ ಕಣಮ್ಮ," ಅಂದ.

ಹನನ್ಯ. ಗರಡಿಯ ಓಟಗಾರ ಹುಡುಗ ಮುದುಕನಾಗಿದ್ದ. ನನಗಾದ ಸಂತೋಷಕ್ಕೆ ತೂತು ಇನ್ನೂ ಅಗಲವಾಗದಿದ್ದುದೇ ಹೆಚ್ಚು.

"ಮಡಕೆ ಒಡೆದದ್ದು ನಿಮ್ಮ ತಲೆನೋ, ನಿಮ್ಮ ತಲೆ ಒಡೆದದ್ದು ಮಡಕೆನೋ?" ಅಂದಳು ಸಪ್ಪೀರಾ.

"ಎರಡೂ." ಹನನ್ಯ ಕಲ್ಲಿನ ಮೇಲೆ ಕೂತ. ಕೂತವನು ತನ್ನ ಸಂಕಟ ಹೇಳಿಕೊಂಡ. ಸಂತೆಯ ದಿನ ಊರೆಲ್ಲ ಸಭಾಮಂದಿರದಲ್ಲಿ ಸೇರುತ್ತದೆ. ಓದು ಮುಗಿದ ಮೇಲೆ ಯಾರು ಬೇಕಾದರೂ ಅರ್ಥ ಹೇಳಬಹುದು, ಪ್ರಶ್ನೆ ಕೇಳಬಹುದು ಅಂತ ನಿಯಮ. ಆದರೆ ಸಭೆಯ ಯಜಮಾನ ದೋಸಿಥೆಯ, ಎಣ್ಣೆ ವ್ಯಾಪಾರಿ, ಮೊದಲು ಎದ್ದು ನಿಂತರೆ ಮುಗಿಯಿತು. ಹೆಂಗಸರು ಬಟಾಣಿ ಸುಲಿದು ಮುಗಿಸುತ್ತಾರೆ, ಹೊರಗೆ ಕತ್ತೆಗಳು ಕಿರುಚಿ ಸುಸ್ತಾಗುತ್ತವೆ, ಸಂತೆ ಎದ್ದುಹೋಗುತ್ತದೆ, ಅವನು ಇನ್ನೂ ಪೀಠಿಕೆಯಲ್ಲೇ ಇರುತ್ತಾನೆ. "ಅವನ ಹೆಸರಿನ ಅರ್ಥ ದೇವರು ಕೊಟ್ಟವನು ಅಂತ. ದೇವರು ಅವನನ್ನ ಕೊಟ್ಟ, ಅವನು ನಮಗೆ ಏನನ್ನೂ ಬಿಟ್ಟುಕೊಡ್ತಿಲ್ಲ. ಈ ಮಡಕೆ ಕೊಡಮ್ಮ ಸಪ್ಪೀರಾ. ಎಲ್ಲರಿಗೂ ಒಂದೊಂದು ಮಡಕೆ ಅಂತ ಮಾಡ್ತೀನಿ."

"ಎಲ್ಲರಿಗೂ ಅಂದರೆ ಯಾರಿಗೆ ಗುರುಗಳೆ?"

"ಎಲ್ಲರಿಗೂ ಅಂದರೆ ಎಲ್ಲರಿಗೂ."

"ಹಂಗಾದರೆ ಕೊಡ್ತೀನಿ. ಒಂದು ಮಡಕೆ ನನ್ನದು."

ಹನನ್ಯ ನಕ್ಕು "ಆಗಲಿ ತಾಯಿ" ಅಂದುಬಿಟ್ಟ. ಓದಿದವರು ಎಷ್ಟು ಸಲೀಸಾಗಿ ಆಗಲಿ ಎನ್ನುತ್ತಾರೆ ನೋಡಿ. ಮಾತಿನ ಭಾರ ಗೊತ್ತಿರುವುದು ಅದನ್ನು ಕಾಯುವವರಿಗೆ.

ಸಭಾಮಂದಿರದ ದಿನಗಳು ನನಗೆ ಹಬ್ಬ. ಹನನ್ಯ ಗರಡಿಯ ಆ ಗುಲಾಮನ ಬೆರಳನ್ನು ಮರೆತಿರಲಿಲ್ಲ. ಇಲ್ಲಿ ನೀರು ಹಿಡಿಯಲು ಆಳು ಬೇಡ ಎಂದು ಹೇಳಿ ತೂತು ಮುಚ್ಚಲು ಒಂದು ಮರದ ಬೆಣೆ ಕೆತ್ತಿಸಿದ. ಮಾತು ಮುಗಿಸಿದವನೇ ಮುಂದಿನವನಿಗೆ ಮಡಕೆ ತುಂಬಿ ಬೆಣೆ ಕೀಳಬೇಕು. ಒಬ್ಬನ ನೀರಿನಲ್ಲಿ ಇನ್ನೊಬ್ಬ ಬಾಯಿ ಹಾಕಬಾರದು. ಸುರುಳಿ ಓದುವಾಗ ಬೆಣೆ ಹಾಕಬೇಕು, ದೇವರ ಮಾತಿಗೆ ನೀರಿನ ಲೆಕ್ಕವಿಲ್ಲ. ಅದರ ಮೇಲೆ ವಾರಕ್ಕೊಂದು ದಿನ ನನಗೂ ರಜೆ. ವಿಶ್ರಾಂತಿಯ ದಿನ ನನ್ನನ್ನು ಬೋರಲು ಹಾಕಿ ಮೇಲೊಂದು ಬಟ್ಟೆ ಹೊದಿಸುತ್ತಿದ್ದರು. ಗ್ರೀಕರ ಬಳಿ ಎಷ್ಟು ವರ್ಷ ದುಡಿದೆ, ಒಂದು ದಿನ ಬೋರಲು ಮಲಗಿರಲಿಲ್ಲ. ಸಮಪಾಲನ್ನು ಗ್ರೀಕರು ಕಲಿಸಿದರು, ವಿಶ್ರಾಂತಿಯನ್ನು ಯೆಹೂದಿಗಳು. ಎರಡೂ ಒಂದೇ ಮಡಕೆಗೆ ಸಿಕ್ಕಿದ್ದು ನನ್ನ ಪುಣ್ಯ.

ಸೌತೆಕಾಯಿ ಮಾರುವವನು ಎದ್ದು ಪ್ರಶ್ನೆ ಕೇಳಿದ. ನೇಕಾರರ ಮುದುಕಿ ಎದ್ದು, ಕೂತು, ಮತ್ತೆ ಎದ್ದು ಕೇಳಿದಳು. ಸಭೆ ಗಲಗಲ ಅನ್ನತೊಡಗಿತು. ದೋಸಿಥೆಯ ಮಾತ್ರ ಪೀಠಿಕೆಯಲ್ಲೇ ನೀರು ಮುಗಿದು ಬಾಯಿ ತೆರೆದುಕೊಂಡೇ ಕೂರಬೇಕಾಯಿತು.

ಆದರೆ ಸಪ್ಪೀರಾಳ ಸರದಿ ಬರಲಿಲ್ಲ. ಹನನ್ಯ ಮುಂದಿನ ಸಂತೆ ಅಂದ. ಸುಗ್ಗಿ ಮುಗಿಯಲಿ ಅಂದ. ಅವನಿಗೆ ಮನಸ್ಸಿತ್ತು, ಧೈರ್ಯ ಇರಲಿಲ್ಲ. ಹಾಗೇ ಗಾಳಿಯ ದಿನಗಳು ಬಂದವು. ಆ ಹುಡುಗನ ಕತೆ ಓದುವ ದಿನವೂ ಬಂತು. ಹನನ್ಯ ಓದಿಗೆ ನಿಲ್ಲುವಷ್ಟರಲ್ಲಿ ಕಿಟಕಿಯ ಕೆಳಗಿಂದ ಆ ದೊಡ್ಡ ಗಂಟಲು ಕೇಳಿತು.

"ಗುರುಗಳೆ, ಆ ಮಡಕೆ ನನ್ನ ಹದಗುಂಡಿಯಿಂದ ಹೋದದ್ದು. ನನ್ನ ಪಾಲಿನ ನೀರು ಎಲ್ಲಿ?"

ತಲೆಗಳೆಲ್ಲ ಕಿಟಕಿಯ ಕಡೆ ಹೊರಳಿದವು. ದೋಸಿಥೆಯ ನಿಧಾನವಾಗಿ ನನ್ನ ಕಡೆ ತಿರುಗಿದ. ಹದಗುಂಡಿಯಿಂದ ಬಂದ ಮಡಕೆ. ಅವನ ಮುಖದಲ್ಲಿ ಬೆಳಕು ಬಂದದ್ದನ್ನು ನಾನು ಕಂಡೆ.

"ಈ ಮಡಕೆಯ ವಿಚಾರಣೆ ಆಗಬೇಕು," ಅಂದ.

"ಆಗಲಿ. ನಿಮ್ಮ ವಾದಕ್ಕೆ ಒಂದು ಮಡಕೆ ನೀರು," ಅಂದ ಹನನ್ಯ.

"ಆರೋಪ ಇರೋದೇ ಇದರ ಮೇಲೆ. ಇದೇ ನನ್ನ ಹೊತ್ತು ಅಳೆಯೋದಾ?"

"ಬೇರೆ ಮಡಕೆ ಇಲ್ಲವಲ್ಲ ಯಜಮಾನ್ರೆ."

ನನ್ನ ಸಾವಿನ ವಾದಕ್ಕೆ ನಾನೇ ನೀರು ಬಿಟ್ಟೆ. ದೋಸಿಥೆಯ ಕೈ ಎತ್ತಿದ. "ಮೊದಲನೆಯದು, ಇದರ ಹೆಸರು. ಗ್ರೀಕ್ ಮಾತಿನಲ್ಲಿ ಇದು ನೀರುಗಳ್ಳಿ. ಕದಿಯಬಾರದು ಅನ್ನೋ ಆಜ್ಞೆ ಓದುವ ಜಾಗದಲ್ಲಿ ಕಳ್ಳಿಯನ್ನ ತಂದು ಕೂರಿಸಿದ್ದೀರಿ."

"ಇಷ್ಟು ವರ್ಷ ನಮ್ಮ ಸಂತೆ ಹೊತ್ತು ಕದ್ದವರು ಯಾರಪ್ಪ?" ಅಂದಳು ನೇಕಾರರ ಮುದುಕಿ. ನಿಯಮ ಮುರಿದಳೆಂದು ಅವಳನ್ನು ಗದರಿಸಬೇಕಾದವರೆಲ್ಲ ನಗುತ್ತಿದ್ದರು.

"ಎರಡನೆಯದು, ಮೈಲಿಗೆ. ಚರ್ಮದ ಗುಂಡಿಯಲ್ಲಿ ನಾಯಿಯ ಹೊಲಸಿನ ಪಕ್ಕ ಕೂತು ಬಂದ ಪಾತ್ರೆ ಇದು. ಕಂಚಾದರೆ ಬೆಳಗಬಹುದು. ಮಣ್ಣಿನ ಪಾತ್ರೆಗೆ ಮೈಲಿಗೆ ತಾಗಿದರೆ ತೊಳೆದು ಪ್ರಯೋಜನವಿಲ್ಲ, ಒಡೆಯಲೇಬೇಕು. ಇದು ಶಾಸ್ತ್ರ."

ಅಷ್ಟಕ್ಕೇ ಕೂತಿದ್ದರೆ ನಾನು ಅವತ್ತೇ ಬೋಕಿಚೂರಾಗುತ್ತಿದ್ದೆ. ಆದರೆ ಅವನಿಗೆ ಇನ್ನೂ ನೀರಿತ್ತು, ನೀರಿದ್ದಾಗ ಸುಮ್ಮನಿರುವ ಜಾತಿಯಲ್ಲ ಅವನು. ಶಾಸ್ತ್ರದಿಂದ ತನ್ನ ಅಜ್ಜನಿಗೆ ಹೋದ, ಅಜ್ಜನಿಂದ ಎಣ್ಣೆಯ ಗುಣಕ್ಕೆ ಬಂದ, ಅಲ್ಲಿಂದ ತಿರುಗಿ ಬರುವಷ್ಟರಲ್ಲಿ ದನಿ ಏರಿಸಿ, "ಆದ್ದರಿಂದ ಸಭೆಯವರೆ, ಈ ಪಾತ್ರೆಯನ್ನು ಈ ಕ್ಷಣವೇ ಒಡೆ..." ಅಂದ. ನನ್ನ ಕೊನೆಯ ಹನಿ ಬಿತ್ತು. "ಯಬೇಕು" ಅನ್ನುವುದು ಅವನ ಬಾಯಲ್ಲೇ ಉಳಿಯಿತು. ನಿಯಮ ನಿಯಮ. ಅವನೇ ನನ್ನನ್ನು ತುಂಬಿ ಹನನ್ಯನಿಗೆ ಬೆಣೆ ಕಿತ್ತ.

ಹನನ್ಯ ಎದ್ದು ನನ್ನ ತೂತಿನ ಕಡೆ ಬೆರಳು ಮಾಡಿದ. "ಮಣ್ಣಿನ ಪಾತ್ರೆಗೆ ಮೈಲಿಗೆ ತಾಗುತ್ತೆ, ನಿಜ. ಪಾತ್ರೆ ಅಂದರೆ ಏನು? ಹಾಕಿದ್ದನ್ನ ಹಿಡಿದಿಟ್ಟುಕೊಳ್ಳೋದು. ಇದು ಏನನ್ನೂ ಇಟ್ಟುಕೊಳ್ಳೋದಿಲ್ಲ. ನಮ್ಮ ಹಿರಿಯರು ಹೇಳಿಕೊಂಡು ಬಂದಿದ್ದಾರೆ, ತಳದಲ್ಲಿ ತೂತು ಬಿದ್ದ ಮಡಕೆ ಮಡಕೆಯೇ ಅಲ್ಲ, ಅದಕ್ಕೆ ಮೈಲಿಗೆ ನಿಲ್ಲೋದಿಲ್ಲ. ಇದು ಯಾರ ನೀರನ್ನೂ ಕದ್ದಿಲ್ಲ ಕೂಡ. ಕೊಟ್ಟದ್ದನ್ನೆಲ್ಲ ಕೊಟ್ಟುಬಿಡೋದು ಯಾವ ಸೀಮೆ ಕಳ್ಳಿ?"

ಕೈಗಳು ಎದ್ದವು. ಗ್ರೀಕರಿಂದ ಕಲಿತ ರೂಢಿ, ಕೈ ಎತ್ತಿ ತೀರ್ಮಾನ ಮಾಡುವುದು. ನಾನು ಉಳಿದೆ. ಮೈಲಿಗೆ ಅನ್ನುವುದು ಕೂಡಿಟ್ಟುಕೊಳ್ಳುವವರಿಗೆ ಮಾತ್ರ ಅಂಟುವ ಕಾಯಿಲೆ ಅಂತ ಅವತ್ತು ತಿಳಿಯಿತು.

"ಇನ್ನು ನನ್ನ ನೀರು," ಅಂತು ಕಿಟಕಿ.

ಹನನ್ಯ ಕಣ್ಣು ಮುಚ್ಚಿಕೊಂಡ. ಆಮೇಲೆ ತೆರೆದು, "ಒಳಗೆ ಬಾರಮ್ಮ. ಮಾತು ಕೊಟ್ಟಿದ್ದೆ," ಅಂದ.

ಸಪ್ಪೀರಾ ಬಂದಳು. ಬಾಗಿಲಲ್ಲಿ ಅವಳಿಗಿಂತ ಮೊದಲು ಅವಳ ವಾಸನೆ ಬಂತು. ಸೆರಗುಗಳು ಮೂಗಿಗೆ ಹೋದವು. ಅವಳ ಹಿಂದೆ ಚರ್ಮಕೇರಿಯವರು ಹೊಸ್ತಿಲಿನಾಚೆ ಗುಂಪಾಗಿ ನಿಂತರು, ಹೆಂಗಸರು ಆಗಲೇ ಕೂದಲು ಬಿಚ್ಚಿದ್ದರು. ದೋಸಿಥೆಯ ಎರಡನೆಯ ಸಲ ಎದ್ದ. ಈ ಸಲ ಚಿಕ್ಕದಾಗಿ ಮಾತಾಡಿದ, ಎಡಗೈಯಲ್ಲಿ ಮೂಗು ಹಿಡಿದುಕೊಂಡು ಉದ್ದ ಮಾತಾಡಲು ಆಗುವುದಿಲ್ಲವಲ್ಲ.

"ತೂತು ಮಡಕೆಗೆ ಮೈಲಿಗೆ ಇಲ್ಲ, ಒಪ್ಪಿದೆ. ಇವಳೇನು ತೂತು ಮಡಕೆಯಾ?"

ಕೂರಲು ಹೊರಟವನನ್ನು ಹನನ್ಯ ತಡೆದ. "ಕೊನೆಗೆ ಮಾತಾಡಿದವರು ನೀವು. ಬೆಣೆ ನೀವೇ ಕೀಳಬೇಕು."

ಎಣ್ಣೆ ವ್ಯಾಪಾರಿ ಚರ್ಮದವಳಿಗಾಗಿ ಕೊಡದಿಂದ ನೀರು ತುಂಬಿದ. ಬೆಣೆ ಕಿತ್ತ. ನಾನು ಅಷ್ಟು ಖುಷಿಯಿಂದ ಎಂದೂ ಹರಿದಿರಲಿಲ್ಲ.

"ಹೌದು ಯಜಮಾನ್ರೆ, ತೂತು ಮಡಕೆನೇ," ಅಂದಳು ಸಪ್ಪೀರಾ. "ದೇವರು ಮಣ್ಣು ಕಲಸಿ ಮನುಷ್ಯನ್ನ ಮಾಡಿದ, ಮೂಗಿನೊಳಕ್ಕೆ ಉಸಿರು ಊದಿದ ಅಂತ ನೀವೇ ಓದೋದು. ಅಷ್ಟು ನಮಗೆ ಕಿಟಕಿಯಿಂದ ಕೇಳಿಸಿದೆ. ಎರಡು ತೂತು ಇಟ್ಟಿದ್ದಕ್ಕೇ ಊದೋಕಾಯ್ತು. ನನಗೂ ಇದೆ, ನಿಮಗೂ ಇ‌ದೆ. ನೀವೀಗ ಹಿಡ್ಕೊಂಡಿದ್ದೀರಲ್ಲ, ಅದೇ."

ಸಭೆಯ ನಗು ಛಾವಣಿಗೆ ಬಡಿಯಿತು. ಅವಳು ನಗಲಿಲ್ಲ.

"ನಾನು ನನ್ನ ವಿಷಯ ಹೇಳೋಕೆ ಬಂದಿಲ್ಲ. ಆ ಹುಡುಗನ ಪರವಾಗಿ ಬಂದಿದ್ದೀನಿ. ಕಟ್ಟಿಗೆ ಹೊತ್ಕೊಂಡು ಅಪ್ಪನ ಹಿಂದೆ ಹೋದನಲ್ಲ, ಅವನು. ಬೆಂಕಿ ಇದೆ, ಕಟ್ಟಿಗೆ ಇದೆ, ಕುರಿ ಎಲ್ಲಪ್ಪ ಅಂತ ಕೇಳಿದನಲ್ಲ, ಅವನು. ಅವನನ್ನ ಕಡಿದುಬಿಟ್ಟ ಮುದುಕ. ಕಡಿದವನ ಹೆಸರು ಹೇಳಿ ನೀವು ಆಶೀರ್ವಾದ ಮಾಡ್ತೀರಿ. ಆ ಮಗುವಿನ ತಾಯಿ ಎಲ್ಲಿದ್ದಳು, ಯಾರಾದರೂ ಕೇಳಿದಿರಾ? ನಾವು ಚರ್ಮಕೇರಿಯವರು ನಮ್ಮ ಅಜ್ಜಿಯರ ಕಾಲದಿಂದ ಈ ದಿನ ಒಲೆ ಹಚ್ಚೋದಿಲ್ಲ. ನಮ್ಮ ಬಿಟ್ಟರೆ ಅವನಿಗೆ ಅಳೋರೇ ಇಲ್ಲವಲ್ಲ."

ಹೆಂಗಸರ ಬದಿಯಿಂದ ನೇಕಾರರ ಮುದುಕಿ, ಯಾರ ನೀರಿನಲ್ಲಿ ಮಾತಾಡುತ್ತಿದ್ದೇನೆ ಎಂಬುದನ್ನೂ ಮರೆತು, ಮೆಲ್ಲಗೆ ಅಂದಳು:

"ಕಡೀಲಿಲ್ಲ ಕಣೆ ಮಗಳೇ."

"ಏನು?"

"ಕಡೀಲಿಲ್ಲ. ದೇವರು ಕೈ ಹಿಡಿದುಕೊಂಡ. ಹುಡುಗ ಬದುಕಿದ. ಮದುವೆ ಆಯ್ತು, ಮಕ್ಕಳಾದವು. ನಾವೆಲ್ಲ ಅವನ ಮಕ್ಕಳೇ."

ಸಪ್ಪೀರಾ ಹನನ್ಯನ ಕಡೆ ನೋಡಿದಳು. ಹನನ್ಯನ ಗಡ್ಡ ಒದ್ದೆಯಾಗಿತ್ತು. ಅವನು ಬಂದು ನನಗೆ ಬೆಣೆ ಹಾಕಿದ, ದೇವರ ಮಾತಿಗೆ ನೀರಿನ ಲೆಕ್ಕವಿಲ್ಲವಲ್ಲ. ಸುರುಳಿ ಬಿಚ್ಚಿ ಗಾಳಿ ಹೊತ್ತೊಯ್ದಿದ್ದ ಅರ್ಧವನ್ನು ಓದಿದ. ಹುಡುಗನ ಮೇಲೆ ಕೈ ಮಾಡಬೇಡ ಎಂದು ಆಕಾಶದಿಂದ ಕೂಗು ಬಂದದ್ದು. ಮುದುಕ ತಲೆಯೆತ್ತಿದ್ದು. ಪೊದೆಯಲ್ಲಿ ಕೊಂಬು ಸಿಕ್ಕಿಕೊಂಡ ಟಗರು. ಮಗನ ಬದಲು ಟಗರು ಬಲಿಯಾದದ್ದು. ಹೊಸ್ತಿಲಿನಾಚೆ ಒಂದು ಸದ್ದು ಎದ್ದಿತು. ಅಳು ಅಂದುಕೊಂಡೆ, ನಗುವಾಗಿತ್ತು. ಚರ್ಮಕೇರಿಯ ಹೆಂಗಸರು ಒಬ್ಬರ ಕೂದಲನ್ನು ಒಬ್ಬರು ಕಟ್ಟುತ್ತಿದ್ದರು.

"ಬದುಕಿದ್ದಾನೆ," ಅಂದಳು ಸಪ್ಪೀರಾ, ಪಕ್ಕದ ಮನೆಯ ಹುಡುಗ ಕಾಯಿಲೆಯಿಂದ ಎದ್ದ ಸುದ್ದಿ ಕೇಳಿದವಳ ಹಾಗೆ. "ನಮ್ಮಜ್ಜಿಗೆ ಗೊತ್ತಾಗಲೇ ಇಲ್ಲ."

ಹನನ್ಯ ಬೆಣೆ ಕಿತ್ತ. ಅವಳ ನೀರು ಇನ್ನೂ ಅರ್ಧ ಉಳಿದಿತ್ತು. ಅವಳು ಮೂಗು ಒರೆಸಿಕೊಂಡು, ಕೆಲಸದವಳ ಕಣ್ಣಿನಿಂದ ಸುರುಳಿಯನ್ನು ನೋಡಿ ಕೇಳಿದಳು:

"ಆ ಟಗರಿನ ಚರ್ಮ ಏನಾಯ್ತು?"

ಹನನ್ಯ ಸುರುಳಿಯ ಸಾಲುಗಳ ಮೇಲೆ ಬೆರಳಾಡಿಸಿ ಹುಡುಕಿದ.

"ಹೋಮದ ಪ್ರಾಣಿಯ ಚರ್ಮ ಸುಡೋದಿಲ್ಲ, ಸುಲಿದು ಇಡ್ತಾರೆ. ದೇವಾಲಯದಿಂದ ನಮ್ಮ ಗುಂಡಿಗೇ ಬರುತ್ತೆ. ಅಷ್ಟು ದೊಡ್ಡ ದಿನದ ಟಗರು, ಅದರ ಚರ್ಮವನ್ನ ಕೊಳೆಯೋಕೆ ಬಿಟ್ಟಿರ್ತಾರಾ? ಯಾರೋ ಹದ ಮಾಡಿರಬೇಕು. ಆ ಬೆಟ್ಟದ ಮೇಲೆ ನಮ್ಮವರೊಬ್ಬರು ಇದ್ದರು."

ಇಷ್ಟು ಹೇಳಿ ಅವಳು ನೆಲದ ಮೇಲೆ ಕೂತುಬಿಟ್ಟಳು. ಮಾತು ಮುಗಿದಿತ್ತು, ನೀರು ಮುಗಿದಿರಲಿಲ್ಲ. ಒಬ್ಬರ ನೀರಿನಲ್ಲಿ ಇನ್ನೊಬ್ಬರು ಮಾತಾಡುವಂತಿಲ್ಲ. ಹೊರಗೆ ಹೋಗು ಅನ್ನುವಂತೆಯೂ ಇಲ್ಲ, ಅದೂ ಮಾತೇ ತಾನೇ. ಸಭೆಯೆಲ್ಲ ಕೂತು ನಾನು ಹರಿಯುವುದನ್ನು ಕೇಳಿತು. ನಾನು, ನನಗೆ ಎಷ್ಟು ಸಾಧ್ಯವೋ ಅಷ್ಟು ನಿಧಾನ ಮಾಡಿದೆ. ಯೆರೂಸಲೇಮಿನ ಗಡಸು ನೀರಿಗೆ ನಾನು ಮೊದಲ ಬಾರಿ ಕೃತಜ್ಞಳಾದದ್ದು ಆಗ. ಒಂದೊಂದಾಗಿ ಸೆರಗುಗಳು ಕೆಳಗೆ ಬಂದವು. ನಾನು ಹದಗುಂಡಿಯಲ್ಲಿ ಕಲಿತದ್ದನ್ನು ಅವರ ಮೂಗುಗಳು ಒಂದು ಮಡಕೆಯ ಹೊತ್ತಿನಲ್ಲಿ ಕಲಿತವು. ಕೊನೆಯ ಹನಿ ಬೀಳುವಾಗ ದೋಸಿಥೆಯನ ಕೈ ಮೂಗಿನ ಮೇಲಿರಲಿಲ್ಲ, ಗಲ್ಲದ ಮೇಲಿತ್ತು. ಅವನು ಯೋಚಿಸುತ್ತಿದ್ದ.

"ಆ ಚರ್ಮದಲ್ಲಿ ಹುಡುಗನಿಗೆ ಹೊದಿಕೆ ಮಾಡಿರಬೇಕು," ಅಂದ ಅವನು ಕೊನೆಗೆ. "ಬೆಟ್ಟದ ಮೇಲೆ ಚಳಿ."

ಅವನು ಜೀವನದಲ್ಲಿ ಆಡಿದ ಅತಿ ಚಿಕ್ಕ ವ್ಯಾಖ್ಯಾನ ಅದೇ, ಅತಿ ಒಳ್ಳೆಯದೂ ಅದೇ. ಸಪ್ಪೀರಾ ಎದ್ದು ಮುಂದಿನವರಿಗಾಗಿ ನನ್ನನ್ನು ತುಂಬಿದಳು. ಹೊಸ್ತಿಲಿನಾಚೆ ನಿಂತಿದ್ದ ಅವಳ ಕೇರಿಯವರು ಒಳಗೆ ಬಂದು ಸಿಕ್ಕ ಜಾಗದಲ್ಲಿ ಕೂತರು. ಎದ್ದುಹೋಗು ಎಂದು ಹೇಳಲು ಯಾರಿಗೂ ಸರದಿ ಇರಲಿಲ್ಲ, ಸರದಿಯೆಲ್ಲ ಟಗರಿನ ಚರ್ಮಕ್ಕೇ ಹೋಯಿತು.

ಅಂದು ಚರ್ಮಕೇರಿಯಲ್ಲಿ ಒಲೆಗಳು ಉರಿದವು. ಆ ದಿನ ಹಬ್ಬವಾಯಿತು. ಜೋಳದ ರೊಟ್ಟಿಯಷ್ಟು ದೊಡ್ಡ ಜೇನಿನ ಕಡುಬು ಬೇಯಿಸಿ, ಹುಡುಗ ಬದುಕಿದ ಅಂತ ಮನೆಮನೆಗೆ ಹಂಚಿದರು. ಮುಂದಿನ ವರ್ಷ ಮೇಲುಕೇರಿಯವರೂ ಹಂಚಿದರು. ಕೆಲವು ವರ್ಷಗಳಲ್ಲಿ ಗರಡಿಯ ಗ್ರೀಕರೂ ಕಡುಬಿಗೆ ಕೈಯೊಡ್ಡಿ ಬಂದರು. ಬಂದವರಲ್ಲಿ ಕೆಲವರು ಕಡುಬು ತಿಂದು ಹೋಗದೆ ಕೂತು ಚರ್ಮದ ಪ್ರಶ್ನೆಗೆ ಉತ್ತರ ಹುಡುಕಿದರು. ಹೀಗೆ ಎಲ್ಲರೂ ಕೂಡಿ ಬೆಳೆಸಿದ ಆ ಧರ್ಮದಲ್ಲಿ ಇಂದಿಗೂ ಹೊಸಬರು ಯಾರೇ ಬಂದರೂ ಮೊದಲು ಕೇಳುವುದು ಟಗರಿನ ಚರ್ಮ ಏನಾಯಿತು ಎಂದು. ಸರಿಯುತ್ತರ ಇಲ್ಲ. ಉತ್ತರ ಹೇಳಿದವರು ಒಳಗಿನವರು, ಅಷ್ಟೆ. ಗುಲಾಮರೂ ಬಂದು ಉತ್ತರ ಹೇಳಿದರು. ಉತ್ತರ ಹೇಳಿದವನನ್ನು ಆಮೇಲೆ ಗುಲಾಮ ಎನ್ನುವುದು ಹೇಗೆ ಎಂಬ ವಾದಕ್ಕೆ ನನ್ನಿಂದ ಎಷ್ಟು ನೀರು ಹರಿಯಿತೋ ಹೇಳಲಾರೆ. ಆ ವಾದ ಸುಲಭಕ್ಕೆ ಮುಗಿಯಲಿಲ್ಲ, ಬೈಗುಳವೂ ಆಯಿತು. ಆದರೆ ಮುಗಿದಾಗ ಊರಿನಲ್ಲಿ ಬೆರಳಿಡುವ ಆಳುಗಳು ಉಳಿದಿರಲಿಲ್ಲ.

ಇನ್ನೊಂದು ರೂಢಿಯೂ ಬಂತು. ಪ್ರತಿ ಸಭೆಯ ಕೊನೆಗೆ ನನ್ನನ್ನು ತುಂಬಿ, ಬೆಣೆ ಕಿತ್ತು, ಯಾರೂ ಮಾತಾಡದೆ ಕೂರುತ್ತಾರೆ. ಇನ್ನೂ ಹೊರಗೆ ಕಿಟಕಿಯ ಕೆಳಗೆ ಯಾರಾದರೂ ನಿಂತಿದ್ದರೆ ಅವರ ದನಿ ಕೇಳಲಿ ಅಂತ. ಅದಕ್ಕೆ ಸಪ್ಪೀರಾಳ ನೀರು ಎಂದು ಹೆಸರು. ಅವಳು ಮುದುಕಿಯಾಗಿ ಅದೇ ಸಭೆಯಲ್ಲಿ ಕೂತು ಅದನ್ನು ಕೇಳಿಸಿಕೊಂಡಳು, ಗೊರಕೆ ಹೊಡೆಯುತ್ತಾ.

ನನಗೂ ವಯಸ್ಸಾಯಿತು. ಹೊಟ್ಟೆಗೆ ಬಿರುಕು ಬಿಟ್ಟಿತು. ಜಬ್ದಾಯನ ಮೊಮ್ಮಗಳ ಮಗಳು ತಿಗರಿಯ ಮೇಲೆ ನನ್ನದೇ ಅಳತೆಯ ಇನ್ನೊಂದನ್ನು ಮಾಡಿ, ಕಡ್ಡಿ ಚುಚ್ಚಿ ತಂದುಕೊಟ್ಟಳು. ನನ್ನನ್ನು ಒಡೆಯಲಿಲ್ಲ. ಪಡುವಣ ಗೋಡೆಯ ಆ ಕಿಟಕಿಯಲ್ಲಿ ಇಟ್ಟಿದ್ದಾರೆ. ಕೆಳಗೆ ಈಗ ಯಾರೂ ನಿಲ್ಲುವುದಿಲ್ಲ, ಅಲ್ಲಿ ಪುದೀನ ಬೆಳೆದಿದೆ. ಮಳೆ ಬಂದರೆ ತುಂಬಿಕೊಳ್ಳುತ್ತೇನೆ, ತುಂಬಿಕೊಂಡದ್ದನ್ನು ಪುದೀನಕ್ಕೆ ಬಿಡುತ್ತೇನೆ. ಗಾಳಿಯ ದಿನಗಳಲ್ಲಿ ಗಾಳಿ ನನ್ನ ತೂತಿನಲ್ಲಿ ನುಗ್ಗಿ ಸಿಳ್ಳೆ ಹೊಡೆಯುತ್ತದೆ. ಸಪ್ಪೀರಾಳ ಹಾಡಿನ ಹಾಗೇ, ಸ್ವರ ತಪ್ಪಿ.

ನಾನು ಹೇಳಬೇಕಾದದ್ದು ಮುಗಿಯಿತು. ಈಗಷ್ಟೇ ನಿಂತ ಮಳೆಯ ನೀರು ನನ್ನೊಳಗೆ ಇನ್ನೂ ಸ್ವಲ್ಪ ಇದೆ. ಅದು ಮುಗಿಯುವ ತನಕ ಎದ್ದುಹೋಗಬೇಡಿ, ಸುಮ್ಮನೆ ಕೂತಿರಿ. ನಿಮ್ಮ ಊರಿನ ಕಿಟಕಿಗಳ ಕೆಳಗೆ ಯಾರು ನಿಂತಿದ್ದಾರೆ, ಕೇಳಿಸಬಹುದು.